ಬಿಚ್ಚಿ ನೋಡೂಣ್ರಿ

ಹುಬ್ಬಳ್ಳಿಯ ಹಳೆಯ ಗ್ಯಾರೇಜುಗಳಲ್ಲಿ ಯಾವ ಗಾಡಿಯನ್ನೂ ನೋಡಿದ ಕೂಡಲೇ ‘ಇದರ ಕತಿ ಮುಗೀತು’ ಎಂದು ಹೇಳುವುದಿಲ್ಲ. ಮೇಸ್ತ್ರಿಗಳು ಗಾಡಿಯ ಸುತ್ತ ಒಂದು ಸಲ ತಿರುಗುತ್ತಾರೆ, ಬಗ್ಗಿ ಚಾಸಿಸ್ ನೋಡುತ್ತಾರೆ, ಕೈಗೆ ಹತ್ತಿದ ಮಣ್ಣನ್ನು ಅರಿವೆಗೆ ಒರೆಸಿಕೊಂಡು ‘ಬಿಚ್ಚಿ ನೋಡೂಣ್ರಿ’ ಅನ್ನುತ್ತಾರೆ. ಆಗುತ್ತದೆ ಎಂಬ ಭರವಸೆಯೂ ಅಲ್ಲ, ಆಗುವುದಿಲ್ಲ ಎಂಬ ನಿರಾಕರಣೆಯೂ ಅಲ್ಲ. ಆ ಒಂದು ಮಾತನ್ನು ನಂಬಿಯೇ ನಾನು ನನ್ನ ಸೋದರಮಾವನ ಜೀಪನ್ನು ಕಲಘಟಗಿ ಕಡೆಯ ಹಳ್ಳಿಯ ಹಿತ್ತಲಿನಿಂದ ಟ್ರ್ಯಾಕ್ಟರಿಗೆ ಕಟ್ಟಿಸಿ ಊರಿಗೆ ತಂದದ್ದು.

ಮಾವ ಹೋದ ಮೇಲೆ ಅದನ್ನು ಯಾರೂ ಓಡಿಸಿರಲಿಲ್ಲ. ಸೀಟಿನ ಕೆಳಗೆ ಹೆಗ್ಗಣ ಗೂಡು ಮಾಡಿತ್ತು, ನೆಲದ ತಗಡು ತೂತು ಬಿದ್ದು ಒಳಗಿನಿಂದ ಹುಲ್ಲು ಎದ್ದಿತ್ತು. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳಿ ಹೋಗಿದ್ದರಂತೆ. ಅತ್ತೆ ಕೊಟ್ಟಿರಲಿಲ್ಲ. ಆರ್‌ಸಿ ಪುಸ್ತಕವನ್ನೂ ಕೀಲಿಯನ್ನೂ ಒಂದೇ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ‘ತಗೊಂಡು ಹೋಗಪಾ, ಆದ್ರ ಮಾರಬ್ಯಾಡ’ ಎಂದರು.

ಅದು ಮಹೀಂದ್ರದ ಸಿಜೆ-3ಬಿ, 1960ರ ದಶಕದ್ದು. ಜೀಪಿನ ಹುಚ್ಚಿರುವವರು ಅದನ್ನು ‘ಹೈ ಬಾನೆಟ್’ ಎನ್ನುತ್ತಾರೆ. ಮುಂಗಾಜಿನ ಕೆಳಗಿನಿಂದ ಶುರುವಾಗುವ ಬಾನೆಟ್ಟು ಉಳಿದ ಜೀಪುಗಳಿಗಿಂತ ಎತ್ತರ, ಹಣೆ ಎತ್ತಿ ನಿಂತ ಹಾಗೆ ಕಾಣುತ್ತದೆ. ಆ ಎತ್ತರ ಅಂದಕ್ಕೆಂದು ಬಂದದ್ದಲ್ಲ. ಯುದ್ಧಕಾಲದ ಜೀಪಿನಲ್ಲಿ ವಾಲ್ವುಗಳೆಲ್ಲ ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ಇದ್ದವು, ಇಂಜಿನ್ನು ಗಿಡ್ಡವಾಗಿತ್ತು. ಅದರ ನಂತರದ ಹರಿಕೇನ್ ಇಂಜಿನ್ನಿನಲ್ಲಿ ಗಾಳಿ-ಪೆಟ್ರೋಲನ್ನು ಒಳಗೆಳೆಯುವ ವಾಲ್ವುಗಳನ್ನು ಮೇಲಿನ ಹೆಡ್ಡಿಗೆ ಏರಿಸಿದರು, ಹೊಗೆ ಬಿಡುವ ವಾಲ್ವುಗಳನ್ನು ಬ್ಲಾಕಿನಲ್ಲೇ ಉಳಿಸಿದರು. ಅದೇ 2.2 ಲೀಟರಿನ ಇಂಜಿನ್ನು 60 ಅಶ್ವಶಕ್ತಿಯಿಂದ 70ರ ಆಚೆಗೆ ಹೋಯಿತು. ಆದರೆ ಎತ್ತರ ಹೆಚ್ಚಿತು, ಅದನ್ನು ಮುಚ್ಚಲು ಬಾನೆಟ್ಟೂ ಏರಬೇಕಾಯಿತು. ಅಮೆರಿಕದಲ್ಲಿ ವಿಲ್ಲೀಸ್ ಕಂಪನಿ ಈ ಮಾದರಿಯನ್ನು 1953ರಲ್ಲಿ ಹೊರತಂದಿತು, 1968ಕ್ಕೆ ಅದರ ತಯಾರಿಕೆ ನಿಂತಿತು. ನಮ್ಮಲ್ಲಿ ಅದರ ವಂಶ ಬಹಳ ಕಾಲ ಮುಂದುವರಿಯಿತು.

ನಮ್ಮಲ್ಲಿಗೆ ಅದು ಬಂದ ದಾರಿಯೂ ಸ್ವಾರಸ್ಯದ್ದು. 1945ರಲ್ಲಿ ಮಹೀಂದ್ರ ಸೋದರರೂ ಮಲಿಕ್ ಗುಲಾಮ್ ಮಹಮ್ಮದರೂ ಸೇರಿ ‘ಮಹೀಂದ್ರ ಅಂಡ್ ಮಹಮ್ಮದ್’ ಎಂಬ ಉಕ್ಕಿನ ವ್ಯಾಪಾರ ಶುರುಮಾಡಿದರು. ದೇಶ ಒಡೆಯಿತು, ಗುಲಾಮ್ ಮಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, 1948ರಲ್ಲಿ ಕಂಪನಿ ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸುವ ಕೆಲಸ ಆ ಹೊತ್ತಿನಲ್ಲೇ ಆರಂಭವಾಗಿತ್ತು. ಬರಬರುತ್ತ ಒಂದೊಂದೇ ಭಾಗ ಇಲ್ಲಿಯೇ ತಯಾರಾಗತೊಡಗಿತು.

ನಮ್ಮ ಕಡೆ ಜೀಪು ಎಂದರೆ ಸರಕಾರ. ಹಳಿಯಾಳ, ದಾಂಡೇಲಿಯ ಕಾಡಿನಲ್ಲಿ ಅರಣ್ಯ ಇಲಾಖೆಯವರು, ಕಾಲುವೆ ಕೆಲಸದಲ್ಲಿ ನೀರಾವರಿಯವರು, ಬರಗಾಲದಲ್ಲಿ ಕಂದಾಯದವರು, ಸಿಡುಬಿನ ಲಸಿಕೆಗೆ ಆರೋಗ್ಯ ಇಲಾಖೆಯವರು ಬರುತ್ತಿದ್ದದ್ದು ಜೀಪಿನಲ್ಲಿ. ಆ ಗಾಡಿಗಳು ಹಳತಾದಾಗ ಹರಾಜಿಗೆ ಬರುತ್ತಿದ್ದವು. ಹರಾಜಿನಲ್ಲಿ ಹಿಡಿದವರು ಅವನ್ನು ಮತ್ತೆ ಕಟ್ಟಿ ಓಡಿಸುತ್ತಿದ್ದರು, ಇಲ್ಲವೇ ಬಿಚ್ಚಿ ಭಾಗ ಮಾರುತ್ತಿದ್ದರು. ಮಾವ ತಮ್ಮ ಜೀಪನ್ನು ಕೊಂಡದ್ದು ಅಂಥ ಒಂದು ಹರಾಜಿನಲ್ಲಿ. ಈಗ ಆ ಬಾಗಿಲು ಮುಚ್ಚಿದೆ. 2021ರಲ್ಲಿ ಗುಜರಿ ನೀತಿ ಬಂತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿಯನ್ನು ನವೀಕರಿಸುವಂತಿಲ್ಲ, ಅವು ನೇರ ಗುಜರಿ ಕೇಂದ್ರಕ್ಕೆ ಹೋಗಬೇಕು. ಹೊಗೆಯ ದೃಷ್ಟಿಯಿಂದ ಆ ನೀತಿಗೆ ಕಾರಣಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಜೀಪನ್ನು ಇನ್ನೊಂದು ಜೀಪು ಬದುಕಿಸುತ್ತಿದ್ದ ಸರಪಳಿ ಅಲ್ಲಿಗೆ ಕಡಿಯಿತು.

ಮೇಸ್ತ್ರಿಗಳು ಮೊದಲು ಕೇಳಿದ್ದು ಇಂಜಿನ್ನಿನ ಬಗ್ಗೆ. ‘ಪೆಟ್ರೋಲ್ ಇಟ್ಕೋತೀರೋ, ಡೀಸೆಲ್ ಕೂಡಸೂದೋ?’

ಈ ಪ್ರಶ್ನೆಯ ಹಿಂದೆ ನಮ್ಮ ಭಾಗದ ಅರ್ಧ ಜೀಪುಗಳ ಇತಿಹಾಸ ಇದೆ. ಪೆಟ್ರೋಲು ತುಟ್ಟಿಯಾದಾಗ ಜನ ಹರಿಕೇನ್ ಇಂಜಿನ್ನನ್ನು ಇಳಿಸಿ ಮ್ಯಾಟಡೋರಿನ ಡೀಸೆಲ್ ಇಂಜಿನ್ನನ್ನೋ ಮಹೀಂದ್ರದ್ದೇ ಪ್ಯೂಜೋ ಇಂಜಿನ್ನನ್ನೋ ಕೂಡಿಸಿಬಿಟ್ಟರು. ಇಳಿಸಿದ ಇಂಜಿನ್ನುಗಳು ಕಬ್ಬಿಣದ ಬೆಲೆಗೆ ಹೋದವು. ಮಾವನದು ಹೇಗೋ ಉಳಿದಿತ್ತು. ನಾನು ಪೆಟ್ರೋಲೇ ಇರಲಿ ಎಂದೆ. ಅದಕ್ಕೆ ಮಮತೆಯೂ ಕಾರಣ, ಕಾನೂನೂ ಕಾರಣ. ಆರ್‌ಸಿಯಲ್ಲಿ ಇಂಜಿನ್ ನಂಬರು ಇದೆ, ಇಂಧನ ಯಾವುದೆಂದು ಬರೆದಿದೆ. ಅದನ್ನು ಬದಲಿಸಬೇಕಾದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಆರ್‌ಟಿಒ ಅನುಮತಿ ಬೇಕು. ತಯಾರಕರು ಕೊಟ್ಟ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲಾಗದು ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಹರಿಯಾಣದ ಡಬವಾಲಿಯಲ್ಲಿ ತಯಾರಾಗುವ ದೊಡ್ಡ ಚಕ್ರದ, ಝಗಝಗಿಸುವ ತೆರೆದ ಜೀಪುಗಳನ್ನು ನೋಡಿ ಹಾಗೇ ಮಾಡಿಸಿ ಎಂದು ಸಲಹೆ ಕೊಟ್ಟವರಿಗೂ ಇದನ್ನೇ ಹೇಳಿದೆ. ನನಗೆ ಬೇಕಾದದ್ದು ಮಾವ ಓಡಿಸುತ್ತಿದ್ದ ಜೀಪು.

ಇಂಜಿನ್ನು ಇಳಿಯಿತು. ಹೆಡ್ಡು ಬಿಚ್ಚಿದಾಗ ಮೇಸ್ತ್ರಿಗಳು ಸಿಲಿಂಡರಿನ ಒಳಗೆ ಹೆಬ್ಬೆರಳಿನ ಉಗುರು ಇಟ್ಟು ಮೇಲಿನಿಂದ ಕೆಳಗೆ ಎಳೆದರು. ಮೇಲ್ಗಡೆ ಒಂದು ಕಡೆ ಉಗುರು ತಡೆಯಿತು. ಪಿಸ್ಟನ್ ರಿಂಗು ಮುಟ್ಟದ ಜಾಗ ಅದು, ಅದರ ಕೆಳಗೆ ಗೋಡೆ ಸವೆದಿದೆ ಎಂದು ಅರ್ಥ. ‘ಬೋರ್ ಹೊಡಸಬೇಕ್ರಿ, ಓವರ್‌ಸೈಜ್ ಪಿಸ್ಟನ್ ಹಾಕೂಣ’ ಎಂದರು. ಆಮೇಲೆ ಬೋರಿಂಗ್ ಅಂಗಡಿಯಲ್ಲಿ ಗೇಜು ಹಾಕಿ ಅಳೆದರು. ಉಗುರು ಹೇಳಿದ್ದನ್ನೇ ಗೇಜೂ ಹೇಳಿತು.

ಆ ಬೋರಿಂಗ್ ಅಂಗಡಿ, ಅದರ ಪಕ್ಕದ ಲೇತು, ಇವುಗಳಲ್ಲಿ ಕೂತು ನಾನು ಬಹಳ ಹೊತ್ತು ಕಳೆದಿದ್ದೇನೆ. ಲೇತಿನ ಯಜಮಾನರ ಅಜ್ಜ ರೇಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಹುಬ್ಬಳ್ಳಿಯಲ್ಲಿ ಇಂಥ ಮಾತು ಎಷ್ಟೋ ಮನೆಗಳಲ್ಲಿ ಕೇಳಿಸುತ್ತದೆ. ಸದರ್ನ್ ಮರಾಠಾ ರೇಲ್ವೆಯವರು 1880ರ ದಶಕದಲ್ಲಿ ಇಲ್ಲಿ ವರ್ಕ್‌ಶಾಪ್ ಕಟ್ಟಿದ ಮೇಲೆ ಈ ಊರಿನಲ್ಲಿ ಕಬ್ಬಿಣದ ಕೆಲಸ ಒಂದು ಓದಿನ ಹಾಗೆ ಬೆಳೆಯಿತು. ಒಳಗೆ ಕಲಿತವರು ನಿವೃತ್ತರಾಗಿ ಹೊರಗೆ ಲೇತು ಹಾಕಿದರು, ಅವರ ಹುಡುಗರು ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋದರು, ಇನ್ನು ಕೆಲವರು ಗ್ಯಾರೇಜು ತೆರೆದರು. ಒಂದು ಕಾರಖಾನೆಯ ನಿಜವಾದ ಉತ್ಪತ್ತಿಯನ್ನು ಅದರ ಗೇಟಿನ ಹೊರಗೆ ನಿಂತು ಲೆಕ್ಕ ಹಾಕಬೇಕು ಎಂದು ನನಗೆ ಅಲ್ಲಿ ಅನ್ನಿಸಿತು.

ಅದಕ್ಕಿಂತಲೂ ಹಳೆಯ ಒಂದು ಕತೆ ಇದೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದಿಂದ ಹತ್ತಿ ಬೆಳೆಯುವ ಪ್ಲಾಂಟರುಗಳನ್ನು ಕರೆಸಿತು. ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ತೋಟ ಹಾಕಿದರು. ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಈ ಎರೆಮಣ್ಣಿನಲ್ಲಿ ನಿಂತಿತು. ಆದರೆ ಆ ಹತ್ತಿಯ ಬೀಜ ಬಿಡಿಸಲು ನಮ್ಮ ಹಳೆಯ ಸಾಧನ ನಡೆಯಲಿಲ್ಲ, ಗರಗಸದ ಹಲ್ಲಿನ ಜಿನ್ನು ಬೇಕಾಯಿತು. ಜಿನ್ನು ಕೊಟ್ಟರೆ ಸಾಲದು, ಅದು ಕೆಟ್ಟಾಗ ನೋಡುವವರು ಬೇಕು. ಅದಕ್ಕಾಗಿ ಧಾರವಾಡದಲ್ಲಿ ಜಿನ್ನುಗಳನ್ನು ಮಾಡುವ, ದುರಸ್ತಿ ಮಾಡುವ ಸರಕಾರಿ ಕಾರಖಾನೆ ಬಂತು. ಅಲ್ಲಿ ಸುತ್ತಿಗೆ ಹಿಡಿದವರು ನಮ್ಮ ಬಡಿಗೇರರು, ಕಮ್ಮಾರರು. ರೇಲ್ವೆ ಬರುವುದಕ್ಕೆ ಮೊದಲೇ ಅಮೆರಿಕದ ಯಂತ್ರವೊಂದು ಈ ಮಣ್ಣಿಗೆ ಬಂದು ಇಲ್ಲಿಯವರ ಕೈಯಲ್ಲಿ ಬದುಕಿತ್ತು. ನಮ್ಮ ಜೀಪು ಆ ಪರಂಪರೆಯಲ್ಲಿ ತಡವಾಗಿ ಬಂದ ಅತಿಥಿ.

ಲೇತಿನವರು ಮಾಡಿಕೊಟ್ಟದ್ದರಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಪಾಟಾವನ್ನು, ಅಂದರೆ ಲೀಫ್ ಸ್ಪ್ರಿಂಗನ್ನು, ಚಾಸಿಸ್ಸಿಗೆ ಕೂಡಿಸುವ ಶ್ಯಾಕಲ್ಲಿನ ಬುಶ್ಶುಗಳು. ಹಳೆಯ ಜೀಪಿನ ಶ್ಯಾಕಲ್ಲು ಇಂಗ್ಲಿಷಿನ ‘ಯು’ ಆಕಾರದ್ದು, ಅದರ ಎರಡು ತುದಿಗೆ ಥ್ರೆಡ್ಡು. ಬುಶ್ಶನ್ನು ಅದರ ಮೇಲೆ ತಿರುಗಿಸಿ ಕೂಡಿಸಬೇಕು. ಕೆಲವಕ್ಕೆ ಥ್ರೆಡ್ಡು ಬಲಕ್ಕೆ, ಕೆಲವಕ್ಕೆ ಎಡಕ್ಕೆ. ಗೊತ್ತಿಲ್ಲದವರು ಪಾನಾ ಹಾಕಿ ಬಲ ಬಿಟ್ಟರೆ ಥ್ರೆಡ್ಡು ಕಿತ್ತು ಹೋಗುತ್ತದೆ. ಚಕ್ರದ ನಟ್ಟುಗಳಲ್ಲೂ ಇದೇ ಜಾಣತನ: ಗಾಡಿ ಓಡುವಾಗ ನಟ್ಟು ತಾನಾಗಿ ಸಡಿಲಾಗಬಾರದೆಂದು ಎಡಬದಿಯ ಚಕ್ರಕ್ಕೆ ಉಲ್ಟಾ ಥ್ರೆಡ್ಡು. ಲೇತಿನ ಯಜಮಾನರು ಹಳೆಯ ಬುಶ್ಶನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಏನೂ ಬರೆದುಕೊಳ್ಳದೆ, ಹೊಸದನ್ನು ಕತ್ತರಿಸಿದರು. ಶ್ಯಾಕಲ್ಲಿಗೆ ಹಾಕಿದಾಗ ಅದು ಬೆರಳಿನಿಂದಲೇ ತಿರುಗಿ ಒಳಗೆ ಹೋಗಿ ಕೂತಿತು. ‘ಕಂಪನಿ ಮಾಲ್ ಸಿಗತಿತ್ತಂದ್ರ ನಾ ಯಾಕ ಬೇಕಿತ್ರಿ’ ಎಂದರು. ಅವರ ಧ್ವನಿಯಲ್ಲಿ ಹೆಮ್ಮೆ ಇತ್ತು, ಅದು ಅವರಿಗೆ ಸಲ್ಲಬೇಕಾದ ಹೆಮ್ಮೆ.

ಬಾಡಿಯ ಕೆಲಸ ಎಲ್ಲಕ್ಕಿಂತ ದೊಡ್ಡದು. ಪಂಜಾಬಿನ ಕಡೆಯಿಂದ ಹೊಸ ಬಾಡಿಯನ್ನೇ ತರಿಸಬಹುದು ಎಂದು ಕೆಲವರು ಹೇಳಿದರು. ನಮ್ಮ ಟಿಂಕರ್ ಚಾಚಾ ಅದನ್ನು ಒಪ್ಪಲಿಲ್ಲ. ವಯಸ್ಸು ಅರವತ್ತು ದಾಟಿದೆ, ಕಣ್ಣಿಗೆ ದಪ್ಪ ಕನ್ನಡಕ. ಸಣ್ಣ ಸುತ್ತಿಗೆಯಿಂದ ತಗಡನ್ನು ಅಂಗುಲ ಅಂಗುಲ ತಟ್ಟುತ್ತ ಹೋದರು. ಗಟ್ಟಿ ಇದ್ದ ಕಡೆ ಒಂದು ಸಪ್ಪಳ, ಜಂಗು ತಿಂದ ಕಡೆ ಇನ್ನೊಂದು. ಸಪ್ಪಳ ಬದಲಾದಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿದರು. ಮುಗಿದಾಗ ಜೀಪಿನ ಮೇಲೆ ಒಂದು ನಕಾಶೆ ಮೂಡಿತ್ತು: ನೆಲ ಪೂರ್ತಿ ಹೋಗಿದೆ, ನೆಲದ ಕೆಳಗಿನ ಅಡ್ಡಪಟ್ಟಿಗಳು ಹೋಗಿವೆ, ಹಿಂದಿನ ಬಾಗಿಲಿನ ಕೆಳಭಾಗ ಹೋಗಿದೆ. ಅಕ್ಕಪಕ್ಕದ ಗೋಡೆ, ಬಾನೆಟ್ಟು, ಏಳು ಸೀಳಿನ ಮುಂದಿನ ಜಾಲರಿ ಗಟ್ಟಿ ಇವೆ.

‘ಇಷ್ಟು ತಗಡು ಆ ಕಾಲದ್ದೈತಿ, ಇದನ್ನ ಯಾಕ ಒಗೀಬೇಕ್ರಿ? ಇಂಥಾ ದಪ್ಪ ಈಗ ಬರಂಗಿಲ್ಲ’ ಎಂದರು ಚಾಚಾ.

ಜೀಪಿನ ಬಾಡಿಗೂ ಈಗಿನ ಕಾರಿನ ಬಾಡಿಗೂ ಇರುವ ಅಂತರ ಅವರು ಕೆಲಸ ಮಾಡುವಾಗ ಚೆನ್ನಾಗಿ ತಿಳಿಯಿತು. ಕಾರಿನ ತಗಡನ್ನು ದೊಡ್ಡ ಪ್ರೆಸ್ಸಿನಲ್ಲಿ ಒತ್ತಿ ಉಬ್ಬುತಗ್ಗು ಮಾಡುತ್ತಾರೆ, ಅದನ್ನು ಕೈಯಿಂದ ಮಾಡಲು ಆಗುವುದಿಲ್ಲ, ಕೆಟ್ಟರೆ ಇಡೀ ಭಾಗವನ್ನೇ ತೆಗೆದು ಹಾಕಬೇಕು. ಜೀಪು 1940ರ ದಶಕದ ಯುದ್ಧದ ಅವಸರದಲ್ಲಿ ಹುಟ್ಟಿದ್ದು. ಬೇಗ ತಯಾರಾಗಬೇಕು, ರಣರಂಗದಲ್ಲಿ ಸಿಪಾಯಿಯೇ ದುರಸ್ತಿ ಮಾಡಿಕೊಳ್ಳಬೇಕು. ಹಾಗಾಗಿ ಅದರ ಮೈಯೆಲ್ಲ ಸಪಾಟು ತಗಡು, ನೇರ ಮಡಿಕೆ, ಕಣ್ಣಿಗೆ ಕಾಣುವ ಬೋಲ್ಟು. ಅಮೆರಿಕದ ಸೈನ್ಯಕ್ಕೆಂದು ಮಾಡಿದ ಆ ಸರಳತೆ ಹಳೇ ಹುಬ್ಬಳ್ಳಿಯ ಟಿಂಕರನಿಗೆ ವರವಾಯಿತು. ಚಾಚಾ ಹದಿನಾರು ಗೇಜಿನ ತಗಡು ತಂದು, ಕೋನಪಟ್ಟಿಯ ಅಂಚಿಗೆ ಬಿಗಿದು, ಮರದ ಕೊಡತಿಯಿಂದ ಹೊಡೆದು ಮಡಚಿದರು. ನೆಲದ ಉಬ್ಬುಗೆರೆಗಳನ್ನು ಸಹ ಕೈಯಿಂದಲೇ ಎಬ್ಬಿಸಿದರು. ಗ್ಯಾಸ್ ವೆಲ್ಡಿಂಗ್ ಮಾಡುವಾಗ ಒಂದೇ ಕಡೆ ಸಾಗಿಸದೆ ಇಲ್ಲೊಂದು ಚುಕ್ಕಿ, ದೂರದಲ್ಲಿ ಒಂದು ಚುಕ್ಕಿ ಇಡುತ್ತ ಬಂದರು. ಒಂದೇ ಕಡೆ ಕಾವು ಹೆಚ್ಚಾದರೆ ತಗಡು ಅಲೆಯ ಹಾಗೆ ಏಳುತ್ತದೆ. ನಡುವೆ ಒದ್ದೆ ಬಟ್ಟೆ ಒತ್ತಿ ತಂಪು ಮಾಡಿದರು. ಪುಟ್ಟಿ ಹಚ್ಚಿ ಮುಚ್ಚುವ ಕೆಲಸ ಅವರಿಗೆ ಸೇರುವುದಿಲ್ಲ. ತಗಡು ಸರಿ ಕೂತರೆ ಪುಟ್ಟಿಯ ಹಂಗು ಏಕೆ ಎನ್ನುತ್ತಾರೆ.

ಉಳಿದ ಕೆಲಸಗಳು ಬೇಗ ಆದವು. ವೈರಿಂಗಿನವರು ಹಳೆಯ ವೈರು ಕಿತ್ತು ಹೊಸದು ಎಳೆದರು. ಬ್ರೇಕಿನ ಮಾಸ್ಟರ್ ಸಿಲಿಂಡರು, ವೀಲ್ ಸಿಲಿಂಡರುಗಳ ರಬ್ಬರು ಬದಲಾದವು. ಪೆಟ್ರೋಲಿನ ಪೈಪುಗಳನ್ನು ಮೇಸ್ತ್ರಿಗಳು ಬೇಕೆಂದೇ ಹೊಸ ನಮೂನೆಯವು ಹಾಕಿದರು, ಏಕೆಂದರೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ, ಹಳೆಯ ರಬ್ಬರು ಅದಕ್ಕೆ ತಡೆಯುವುದಿಲ್ಲ. ಲಾರಿ ಸೀಟು ಹೊಲಿಯುವವರು ಕುಶನ್ ಹೊಲಿದರು, ತಾಡಪತ್ರಿಯ ಹುಡ್ಡನ್ನೂ ಅವರೇ ಮಾಡಿದರು. ನಂಬರ್ ಪ್ಲೇಟಿನ ಹಳೆಯ ಅಕ್ಷರ ಬರೆಯಲು ಒಬ್ಬ ಪೇಂಟರು ಬಂದಿದ್ದರು. ಮೊದಲು ಅಂಗಡಿಗಳ ಬೋರ್ಡು, ಸಿನಿಮಾ ಬ್ಯಾನರು ಬರೆಯುತ್ತಿದ್ದವರು; ಫ್ಲೆಕ್ಸ್ ಬಂದ ಮೇಲೆ ಮನೆಗಳಿಗೆ ಸುಣ್ಣಬಣ್ಣ ಮಾಡುತ್ತಾರೆ. ಆರ್‌ಟಿಒ ನಿಯಮದ ಪ್ಲೇಟು ಬೇರೆ ಬರುತ್ತದೆಂದು ಅವರಿಗೂ ಗೊತ್ತಿತ್ತು. ಆದರೂ ಡ್ಯಾಶ್‌ಬೋರ್ಡಿನ ಮೇಲೆ ಮಾವನ ಊರಿನ ಹೆಸರನ್ನು ಗೆರೆ ನಡುಗದಂತೆ ಬರೆದುಕೊಟ್ಟರು.

ಈಗ ಹಣದ ಮಾತು. ಇದನ್ನು ಬಿಟ್ಟು ಇಂಥ ಬರವಣಿಗೆ ಮಾಡಿದರೆ ಅದು ಅಪೂರ್ಣ. ಅಮೆರಿಕದಲ್ಲಿ ಇದೇ ಜೀಪನ್ನು ವರ್ಕ್‌ಶಾಪಿಗೆ ಕೊಟ್ಟು ಕಟ್ಟಿಸಿದರೆ ಗಂಟೆಗೆ ನೂರು ಡಾಲರಿನ ಆಸುಪಾಸು ಕೂಲಿಯೇ ಆಗುತ್ತದೆ. ಇಡೀ ಜೀಪಿನ ವೆಚ್ಚ ಹತ್ತಾರು ಸಾವಿರ ಡಾಲರು. ಅದಕ್ಕೇ ಅಲ್ಲಿ ಜನ ರಜೆಯ ದಿನಗಳಲ್ಲಿ ತಮ್ಮ ಮನೆಯ ಶೆಡ್ಡಿನಲ್ಲಿ ತಾವೇ ಕೆಲಸ ಮಾಡಿಕೊಳ್ಳುತ್ತಾರೆ, ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಇಲ್ಲಿ ಚಾಚಾನಂಥವರು ಇಡೀ ದಿನ ಕೆಲಸ ಮಾಡಿದರೆ ಸಿಗುವುದು ಸಾವಿರ ರೂಪಾಯಿಯ ಆಜುಬಾಜು. ನನ್ನಂಥ ಸಂಬಳದವನು ಹಳೆಯ ಜೀಪನ್ನು ಪೂರ್ತಿ ಕಟ್ಟಿಸಲು ಸಾಧ್ಯವಾದದ್ದು ಈ ಒಂದು ಕಾರಣದಿಂದ. ಜೀಪು ಅಗ್ಗವಲ್ಲ, ಬಿಡಿಭಾಗ ಅಗ್ಗವಲ್ಲ, ಪೆಟ್ರೋಲಂತೂ ಅಲ್ಲವೇ ಅಲ್ಲ. ಅಗ್ಗ ಇದ್ದದ್ದು ಐವತ್ತು ವರ್ಷ ಕಬ್ಬಿಣ ಬಡಿದು ಸಂಪಾದಿಸಿದ ವಿದ್ಯೆ.

ಇದು ನನ್ನನ್ನು ಕಾಡಿದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರು ತೋರಿಸಿದ ಭಾಗವನ್ನು ತೆಗೆದು ಹೊಸದು ಹಾಕುವ ಕೆಲಸಕ್ಕೆ ನಾವು ಬಿಲ್ಲು ನೋಡಿ ತುಟಿಪಿಟಕ್ಕೆನ್ನದೆ ಹಣ ಕಟ್ಟುತ್ತೇವೆ. ಉಗುರಿನಿಂದ ಸವೆತ ಅಳೆಯುವವರ ಹತ್ತಿರ, ಸಪ್ಪಳದಿಂದ ಜಂಗು ಗುರುತಿಸುವವರ ಹತ್ತಿರ ಇನ್ನೂರು ರೂಪಾಯಿ ಕಡಿಮೆ ಮಾಡಿ ಎಂದು ಚೌಕಾಶಿಗೆ ನಿಲ್ಲುತ್ತೇವೆ. ಬೋರ್ಡಿಲ್ಲ, ಎಸಿ ಇಲ್ಲ, ರಸೀದಿ ಇಲ್ಲ ಎಂಬುದಕ್ಕೆ ಅವರ ವಿದ್ಯೆಯ ಬೆಲೆಯೂ ಇಳಿಯಬೇಕೆ? ಸಂಗೀತದ ಊರು ಧಾರವಾಡದಲ್ಲಿ ಗುರುವಿನ ಎದುರು ಕೂತು ಕಲಿತದ್ದಕ್ಕೆ ಎಂಥ ಮರ್ಯಾದೆ ಇದೆ ಎಂದು ನಾವೆಲ್ಲ ಬಲ್ಲೆವು. ಗ್ಯಾರೇಜಿನಲ್ಲಿ ನಡೆಯುವುದೂ ಅದೇ ಕಲಿಕೆ. ಉಸ್ತಾದರು ಮಾಡುವುದನ್ನು ನೋಡಬೇಕು, ಬೈಸಿಕೊಳ್ಳಬೇಕು, ಕೈ ಪಳಗಬೇಕು. ಅದಕ್ಕೆ ಪುಸ್ತಕ ಇಲ್ಲ.

ಕೆಲಸ ನಡೆಯುತ್ತ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಗುತ್ತಿಗೆಯಾಗಿ ಮೊತ್ತ ಮಾತಾಡಲಿಲ್ಲ. ದಿನದ ಪಗಾರ ಅವರು ಹೇಳಿದ್ದಕ್ಕಿಂತ ಮೇಲೆ ಇಟ್ಟೆ, ಶನಿವಾರ ಸಂಜೆ ತಪ್ಪದೆ ಕೊಟ್ಟೆ, ಅವಸರ ಮಾಡಲಿಲ್ಲ. ಗುತ್ತಿಗೆ ಮಾತಾಡಿದರೆ ಕೆಲಸ ಮುಗಿಸುವ ಕಡೆಗೆ ಕೈ ಓಡುತ್ತದೆ, ಅದು ಮನುಷ್ಯಸಹಜ. ಪಗಾರ ನಿಶ್ಚಿಂತೆಯಾದರೆ ಕೆಲಸದ ಕಡೆಗೆ ಗಮನ ಹೋಗುತ್ತದೆ. ಮುಂದಿನ ಆಕ್ಸಲ್ಲಿನ ಎರಡೂ ತುದಿಯಲ್ಲಿ ದುಂಡನೆಯ ಗುಂಡಿನೊಳಗೆ ಜಾಯಿಂಟು ಇರುತ್ತದೆ, ಅದರ ಎಣ್ಣೆ ಸೋರದಂತೆ ನಮದೆಯ ಪಟ್ಟಿ. ಸಿದ್ಧ ಪಟ್ಟಿ ಹಾಕಿದ ಮೇಲೂ ಸೋರಿತು. ಮೇಸ್ತ್ರಿಗಳು ಅದನ್ನು ಮತ್ತೆ ಬಿಚ್ಚಿ, ದಪ್ಪ ನಮದೆ ತಂದು, ಬಿಸಿ ಎಣ್ಣೆಯಲ್ಲಿ ನೆನೆಸಿ, ತಾವೇ ಕತ್ತರಿಸಿ ಕೂಡಿಸಿದರು. ಯಾರೂ ಕೇಳಿರಲಿಲ್ಲ. ಗುತ್ತಿಗೆಯಲ್ಲಿ ಅದು ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಚಾಚಾ ಸುತ್ತಿಗೆ ಹಿಡಿದದ್ದು ಹನ್ನೆರಡನೆಯ ವಯಸ್ಸಿನಲ್ಲಿ. ಆಗ ಗ್ಯಾರೇಜಿಗೆ ಮಕ್ಕಳನ್ನು ಬಿಡುತ್ತಿದ್ದರು. ಈಗ ಬಿಡುವುದಿಲ್ಲ, ಬಿಡಲೂಬಾರದು. ಆ ವಯಸ್ಸಿನ ಹುಡುಗ ಶಾಲೆಯಲ್ಲಿರಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆ ಮುಗಿಸಿ, ಐಟಿಐ ಮುಗಿಸಿ ಬರುವ ಹದಿನೆಂಟು ವರ್ಷದವರೂ ಈ ಕಡೆ ತಿರುಗಿ ನೋಡುತ್ತಿಲ್ಲ. ಧಾರವಾಡದಲ್ಲಿ ಟಾಟಾದ ಕಾರಖಾನೆಗಳಿವೆ, ಬಸ್ಸಿನ ಬಾಡಿ ಅಲ್ಲಿ ತಯಾರಾಗುತ್ತದೆ, ತಿಂಗಳ ಸಂಬಳ ಇದೆ, ಸಮವಸ್ತ್ರ ಇದೆ. ಹುಡುಗರು ಅಲ್ಲಿಗೆ ಹೋಗುವುದು ಸರಿಯೇ. ಚಾಚಾನ ಮಗನೂ ಕಾರಖಾನೆಗೇ ಹೋಗುತ್ತಾನೆ. ‘ಅಲ್ಲಿ ಒಂದು ಕೆಲಸ ಬರತೈತ್ರಿ ಅವಗ, ಒಂದ ಕೆಲಸ. ಇಡೀ ಗಾಡಿ ಬರಂಗಿಲ್ಲ’ ಎಂದರು. ಬೇಸರದಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು.

ದುರಸ್ತಿಯ ಹಕ್ಕು ಎಂದು ಈಗ ಸರಕಾರವೂ ಮಾತಾಡುತ್ತಿದೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ತೆರೆಯಿತು. ಮೋಟಾರು ಗಾಡಿಗಳೂ ಅದರಲ್ಲಿ ಸೇರಿವೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಕಂಪನಿಯ ಹೊರಗೆ ದುರಸ್ತಿ ಮಾಡಿಸಿದರೆ ಗ್ಯಾರಂಟಿ ಏನಾಗುತ್ತದೆ ಎಂಬ ಮಾಹಿತಿಯನ್ನು ಕಂಪನಿಗಳು ಅಲ್ಲಿ ಕೊಡಬೇಕೆಂಬುದು ಉದ್ದೇಶ. ಒಳ್ಳೆಯ ಹೆಜ್ಜೆ. ಅದರ ಜೊತೆಗೆ ದುರಸ್ತಿ ಮಾಡುವ ಕೈಗಳನ್ನು ಉಳಿಸುವ ಹೆಜ್ಜೆಯೂ ಬೇಕು. ನಮ್ಮ ಐಟಿಐಗಳು ಇಂಥ ಟಿಂಕರುಗಳನ್ನು, ಟರ್ನರುಗಳನ್ನು ವಾರಕ್ಕೊಮ್ಮೆ ಕರೆದು ಗೌರವಧನ ಕೊಟ್ಟು ಹುಡುಗರ ಮುಂದೆ ಕೆಲಸ ಮಾಡಿಸಲಿ. ಅವರಿಗೆ ಪ್ರಮಾಣಪತ್ರ ಇಲ್ಲ ಎಂಬ ಒಂದೇ ನೆಪಕ್ಕೆ ಬಾಗಿಲು ಹಾಕಬಾರದು. ವಿದ್ಯೆ ಇರುವುದು ಅಲ್ಲಿ, ಕಾಗದದಲ್ಲಿ ಅಲ್ಲ.

ಜೀಪು ಹೊರಬಂದ ಮೇಲೆ ಆರ್‌ಟಿಒ ಕೆಲಸ ಇತ್ತು. 50 ವರ್ಷ ದಾಟಿದ ವಾಹನಗಳಿಗೆ 2021ರಿಂದ ವಿಂಟೇಜ್ ನೋಂದಣಿಯ ಅನುಕೂಲವಿದೆ, ಅದಕ್ಕೆ 20,000 ರೂಪಾಯಿ ಶುಲ್ಕ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ಮಾತ್ರ. ನನಗೆ ನಿಲ್ಲಿಸಿ ನೋಡುವ ಜೀಪು ಬೇಡವಾಗಿತ್ತು. ಬಾಕಿ ಇದ್ದದ್ದನ್ನೆಲ್ಲ ಕಟ್ಟಿ, ತಪಾಸಣೆ ಮಾಡಿಸಿ, ಸಾಮಾನ್ಯ ನೋಂದಣಿಯನ್ನೇ 5 ವರ್ಷಕ್ಕೆ ನವೀಕರಿಸಿಕೊಂಡೆ.

ಫೋರ್ ವೀಲ್ ಡ್ರೈವಿನ ಬಗ್ಗೆ ಮೇಸ್ತ್ರಿಗಳು ಒಂದು ಪಾಠ ಹೇಳಿಕೊಟ್ಟರು. ಗಿಯರಿನ ಪಕ್ಕ ಎರಡು ಸಣ್ಣ ಲಿವರುಗಳಿವೆ: ಒಂದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವುದು, ಇನ್ನೊಂದು ವೇಗ ಇಳಿಸಿ ಎಳೆತ ಹೆಚ್ಚಿಸುವುದು. ಡಾಂಬರು ರಸ್ತೆಯಲ್ಲಿ ಮುಂದಿನದನ್ನು ಹಾಕಲೇಬಾರದು. ಈ ಜೀಪಿನಲ್ಲಿ ಮುಂದಿನ ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ, ಗಟ್ಟಿ ರಸ್ತೆಯಲ್ಲಿ ಜಾರಲು ಆಗದೆ ಇಡೀ ಸರಂಜಾಮು ಬಿಗಿದುಕೊಳ್ಳುತ್ತದೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಸಡಿಲ ಮಾಡಿಕೊಳ್ಳುತ್ತದೆ. ‘ಮಣ್ಣಾಗಿಂದೂ ಎಲ್ಲಾ ಮಣ್ಣಲ್ರಿ ಮತ್ತ’ ಎಂದರು. ‘ನವಲಗುಂದ ಕಡೆ ಎರಿ ಹೊಲದಾಗ ಮಳಿ ಬಿದ್ದ ಮ್ಯಾಲ ನಾಕೂ ಗಾಲಿ ತಿರುಗಿದ್ರ ನಾಕೂ ಹುಗಿತಾವ, ಅಷ್ಟ.’ ಧಾರವಾಡ ಜಿಲ್ಲೆಯ ಪಡುವಣಕ್ಕೆ ಮಲೆನಾಡಿನ ಕೆಂಪು ಮಣ್ಣು, ಮೂಡಣಕ್ಕೆ ಎರೆ. ಮಳೆಯಲ್ಲಿ ಎರೆ ಚಕ್ರದ ಪಟ್ಟಿಗಳ ನಡುವೆ ಮೆತ್ತಿ ಟಾಯರು ನುಣ್ಣಗಾಗಿಬಿಡುತ್ತದೆ, ಕಲಘಟಗಿ, ಅಳ್ನಾವರದ ಕೆಂಪು ಮಣ್ಣಿನಲ್ಲಿ ಕಲ್ಲು ಸಿಕ್ಕಿ ಹಿಡಿತ ಬರುತ್ತದೆ. ನಾನು ಕಾಡಿನ ದಾರಿಯ ಒಂದು ಏರಿನಲ್ಲಿ ಕೆಳಗಿನ ಗಿಯರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಬಿಟ್ಟೆ. ಜೀಪು ನಡೆಯುವ ವೇಗದಲ್ಲಿ, ಒಂದೇ ಸದ್ದಿನಲ್ಲಿ ಹತ್ತಿತು. ಪಕ್ಕದಲ್ಲಿ ಅತ್ತೆ ಕೂತಿದ್ದರು. ಏರು ಮುಗಿದ ಮೇಲೆ ‘ನಿಮ್ಮ ಮಾಮಾ ಹಿಂಗ ಹತ್ತಸ್ತಿದ್ದ ನೋಡಪಾ’ ಎಂದರು.

ಕೆಲಸ ಇನ್ನೂ ಬಾಕಿ ಇದೆ. ಇಳಿಜಾರಿನಲ್ಲಿ ಕಾಲು ತೆಗೆದರೆ ಎರಡನೆಯ ಗಿಯರು ಹೊರಗೆ ಜಿಗಿಯುತ್ತದೆ. ಈ ಮೂರು ಗಿಯರಿನ ಡಬ್ಬಿಯ ಹಳೆಯ ರೋಗ ಅದು, ಒಳಗಿನ ಶಾಫ್ಟು ಮುಂದೆ ಹಿಂದೆ ಆಡುವುದಕ್ಕೆ ಜಾಗ ಬಂದಿರುತ್ತದೆ. ದೀಪಾವಳಿ ಆದ ಮೇಲೆ ಇಳಿಸೋಣ ಎಂದು ಮೇಸ್ತ್ರಿಗಳು ಹೇಳಿದ್ದಾರೆ. ಪಗಾರವನ್ನು ಈಗಲೇ ಮಾತಾಡಿಕೊಂಡಿದ್ದೇವೆ, ಕಳೆದ ಸಲಕ್ಕಿಂತ ಹೆಚ್ಚು. ಐಟಿಐ ಮುಗಿಸಿದ ಪಕ್ಕದ ಓಣಿಯ ಒಬ್ಬ ಹುಡುಗ ಆ ಕೆಲಸ ನೋಡಲು ಬರುತ್ತೇನೆಂದಿದ್ದಾನೆ. ಅವನ ಪಗಾರವನ್ನೂ ಲೆಕ್ಕದಲ್ಲಿ ಸೇರಿಸಿದ್ದೇನೆ.